ಹನ್ನೆರಡು ಮನೆಯ ಟೆನ್ಸ್ ಚಾರ್ಟ್: ಕಲಿಸಿದ್ದೇನು, ಬಿಟ್ಟಿದ್ದೇನು

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣ ಎಂದರೆ ಬಹುಮಟ್ಟಿಗೆ ಟೆನ್ಸ್ ಚಾರ್ಟ್. ಅಡ್ಡಕ್ಕೆ ಮೂರು ಕಾಲ: ಪ್ರೆಸೆಂಟ್, ಪಾಸ್ಟ್, ಫ್ಯೂಚರ್. ಉದ್ದಕ್ಕೆ ನಾಲ್ಕು ಬಗೆ: ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್. ಒಟ್ಟು ಹನ್ನೆರಡು ಮನೆ, ಪ್ರತಿ ಮನೆಯಲ್ಲೂ ಒಂದು ಹೆಸರು, ಒಂದು ಸೂತ್ರ, ಒಂದು ಉದಾಹರಣೆ. ಗೋಡೆಗೆ ನೇತುಹಾಕಿದ ಹಾಳೆಯಲ್ಲಿ, ಗೈಡುಗಳಲ್ಲಿ, ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಹಲಗೆಯ ಮೇಲೆ, ಈಗ ಮೊಬೈಲಿನ ವಿಡಿಯೋಗಳಲ್ಲಿ, ಎಲ್ಲೆಲ್ಲೂ ಇದೇ ಪಟ್ಟಿ. ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗಿ ಹನ್ನೆರಡು ಹೆಸರನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ನಿನ್ನೆ ಏನು ಮಾಡಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ತಡವರಿಸುತ್ತಾಳೆ. ಅವಳಿಗೆ ಬುದ್ಧಿ ಸಾಲದು, ಮನೆಯಲ್ಲಿ ಇಂಗ್ಲಿಷ್ ವಾತಾವರಣವಿಲ್ಲ ಎಂದು ಕಾರಣ ಹುಡುಕುವ ಮೊದಲು ಆ ಪಟ್ಟಿಯನ್ನೇ ಒಮ್ಮೆ ಪರೀಕ್ಷೆಗೆ ಒಡ್ಡಬೇಕು. ಒಂದು ಪುಸ್ತಕವನ್ನು ವಿಮರ್ಶಿಸುವಂತೆ, ಅದು ಏನನ್ನು ಕೊಡುತ್ತೇನೆ ಎನ್ನುತ್ತದೆ, ಏನನ್ನು ಕೊಡುತ್ತದೆ ಎಂದು ನೋಡಬೇಕು.

ಪಟ್ಟಿಯ ಗುಣವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಅಂಕೆಗೆ ಸಿಗದಂತೆ ಕಾಣುವ ರೂಪಗಳನ್ನು ಅದು ಒಂದೇ ನೋಟಕ್ಕೆ ತಂದು ನಿಲ್ಲಿಸುತ್ತದೆ. 'ಹ್ಯಾವ್' ಬಂದರೆ ಮುಂದೆ ಮೂರನೇ ರೂಪ, 'ಬಿ' ಬಂದರೆ 'ಇಂಗ್' ಎಂಬ ಕಟ್ಟುಪಾಡು ಅದರಲ್ಲಿ ಚೊಕ್ಕವಾಗಿ ಕಾಣುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ, ತನಗೂ ಇಂಗ್ಲಿಷ್ ಸಲೀಸಲ್ಲದ ಮೇಷ್ಟ್ರಿಗೆ ಹಿಡಿದು ನಿಲ್ಲಲು ಏನಾದರೊಂದು ಬೇಕು. ಪಟ್ಟಿ ಅದನ್ನು ಕೊಟ್ಟಿದೆ. ಪರೀಕ್ಷೆಗೂ ಅದು ಅನುಕೂಲ. ಆವರಣದಲ್ಲಿ ಕ್ರಿಯಾಪದ ಕೊಟ್ಟು ಬಿಟ್ಟ ಸ್ಥಳ ತುಂಬಿಸಿ ಎಂದರೆ ಉತ್ತರ ಒಂದೇ, ಅಂಕ ಹಾಕುವುದು ಸುಲಭ.

ಆದರೆ ಇದು ಬಂದ ದಾರಿ ನೋಡಿ. 1795ರಲ್ಲಿ ಲಿಂಡ್ಲಿ ಮರ್‍ರೇ ಬರೆದ ಇಂಗ್ಲಿಷ್ ವ್ಯಾಕರಣ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಇಂಗ್ಲಿಷಿಗೆ ಆರು ಕಾಲಗಳನ್ನು ಎಣಿಸಿತ್ತು. ಭಾರತದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಆಳಿದ ವ್ಯಾಕರಣ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರದು. ಪಿ.ಸಿ. ರೆನ್ ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು, 'ಬೋ ಜೆಸ್ಟ್' ಎಂಬ ಜನಪ್ರಿಯ ಕಾದಂಬರಿಯನ್ನೂ ಬರೆದವರು. ಆ ಪುಸ್ತಕದಲ್ಲಿ ಮೂರು ಕಾಲಕ್ಕೆ ನಾಲ್ಕು ನಾಲ್ಕು ರೂಪಗಳ ವಿಂಗಡಣೆ ಇದೆ. ಅದರ ಜೊತೆಗೇ ಯಾವ ರೂಪವನ್ನು ಯಾವಾಗ ಬಳಸಬೇಕು ಎಂಬ ಅಧ್ಯಾಯಗಳೂ ಇವೆ. ನಮ್ಮ ಗೈಡುಗಳು ವಿಂಗಡಣೆಯನ್ನು ಎತ್ತಿಕೊಂಡು ಬಳಕೆಯ ಅಧ್ಯಾಯಗಳನ್ನು ಅಲ್ಲೇ ಬಿಟ್ಟವು. ದೊಡ್ಡ ನಷ್ಟವಾದದ್ದು ಇಲ್ಲಿ.

ಇನ್ನೊಂದು ಸಂಗತಿ ನಮ್ಮ ತರಗತಿಗಳಿಗೆ ಇನ್ನೂ ತಲುಪಿಲ್ಲ. ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣ, 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಂ ಅವರ ಕೇಂಬ್ರಿಜ್ ವ್ಯಾಕರಣ, ಎರಡೂ ಇಂಗ್ಲಿಷ್ ಕ್ರಿಯಾಪದ ತನ್ನ ರೂಪದಲ್ಲಿ ತೋರಿಸುವ ಕಾಲ ಎರಡೇ, ಪ್ರೆಸೆಂಟ್ ಮತ್ತು ಪಾಸ್ಟ್, ಎನ್ನುತ್ತವೆ. ಫ್ಯೂಚರ್ ಎಂಬ ಪ್ರತ್ಯೇಕ ರೂಪ ಆ ಭಾಷೆಯಲ್ಲಿ ಇಲ್ಲ. 'ವಿಲ್' ಎಂಬುದು 'ಕ್ಯಾನ್', 'ಮೇ', 'ಮಸ್ಟ್'ಗಳ ಸಾಲಿಗೆ ಸೇರಿದ ಸಹಾಯಕ ಕ್ರಿಯಾಪದ. ಹಾಗಾದರೆ ಪಟ್ಟಿಯ ಮೂರನೇ ಒಂದು ಭಾಗ, ನಾಲ್ಕು ಮನೆಗಳು, ಕಾಲದ ಹೆಸರಿನಲ್ಲಿ ನಿಂತಿರುವ ಬೇರೆ ವಸ್ತು. ಇದು ಪಂಡಿತರ ಜಗಳ, ಮಕ್ಕಳಿಗೇಕೆ ಎನ್ನಬಹುದು. ಮಕ್ಕಳಿಗೇ ಬೇಕು. ನಾಳೆಯ ಮಾತೆಲ್ಲ 'ವಿಲ್'ನಲ್ಲೇ ಹೇಳಬೇಕೆಂದು ಪಟ್ಟಿಯಿಂದ ಕಲಿತ ಹುಡುಗನಿಗೆ 'ಐ ಆಮ್ ಗೋಯಿಂಗ್ ಟು ಮೈಸೂರು ಟುಮಾರೋ' ಎಂಬುದು ತಪ್ಪಾಗಿ ಕಾಣುತ್ತದೆ, ಏಕೆಂದರೆ ಅದು ಪ್ರೆಸೆಂಟ್ ಮನೆಯಲ್ಲಿದೆ. ನಾಳೆ ಆರು ಗಂಟೆಗೆ ರೈಲು ಹೊರಡುತ್ತದೆ ಎನ್ನಲು ಇಂಗ್ಲಿಷಿನವರು 'ಲೀವ್ಸ್' ಎಂದಷ್ಟೇ ಹೇಳುತ್ತಾರೆ ಎಂದರೆ ನಂಬುವುದಿಲ್ಲ. ಮೋಡ ಕಟ್ಟಿದ್ದನ್ನು ನೋಡಿ 'ಮಳೆ ಬರೋ ಹಾಗಿದೆ' ಎನ್ನುತ್ತೇವಲ್ಲ, ಇಂಗ್ಲಿಷಿನವರು ಅದಕ್ಕೆ 'ಇಟ್ ಈಸ್ ಗೋಯಿಂಗ್ ಟು ರೇನ್' ಎನ್ನುತ್ತಾರೆ. ದಿನಕ್ಕೆ ಹತ್ತು ಸಲ ಬೇಕಾಗುವ ಈ 'ಗೋಯಿಂಗ್ ಟು'ವಿಗೆ ಹನ್ನೆರಡರಲ್ಲಿ ಒಂದು ಮನೆಯೂ ಸಿಕ್ಕಿಲ್ಲ. 'ಬೈ ನೆಕ್ಸ್ಟ್ ಜೂನ್ ಐ ಶಲ್ ಹ್ಯಾವ್ ಬೀನ್ ಲರ್ನಿಂಗ್' ಎಂಬ, ಇಂಗ್ಲಿಷರೇ ವರ್ಷಕ್ಕೊಮ್ಮೆ ಆಡಿಯಾರೋ ಇಲ್ಲವೋ ಎಂಬ ವಾಕ್ಯಕ್ಕೆ ಪೂರ್ತಿ ಒಂದು ಮನೆ ಇದೆ.

ಎಲ್ಲ ಮನೆಗಳೂ ಒಂದೇ ಅಳತೆಯವು ಎಂಬುದೇ ಈ ಪಟ್ಟಿ ಹೇಳುವ ದೊಡ್ಡ ಸುಳ್ಳು. ಡಗ್ಲಸ್ ಬೈಬರ್ ಮತ್ತು ಸಂಗಡಿಗರು ಇಂಗ್ಲಿಷಿನ ಮಾತು ಬರಹಗಳ ದೊಡ್ಡ ಸಂಗ್ರಹವನ್ನು ಎಣಿಸಿ 1999ರಲ್ಲಿ ಲಾಂಗ್‌ಮನ್ ವ್ಯಾಕರಣವನ್ನು ಪ್ರಕಟಿಸಿದರು. ಕ್ರಿಯಾರೂಪಗಳಲ್ಲಿ ಸುಮಾರು ಶೇ. 90ರಷ್ಟು ಸಿಂಪಲ್ ಬಗೆಯವೇ ಎಂಬುದು ಅದರ ಲೆಕ್ಕ. ಕಂಟಿನ್ಯುಯಸ್, ಪರ್ಫೆಕ್ಟ್ ಎಲ್ಲ ಸೇರಿ ಉಳಿದ ಹತ್ತರಲ್ಲಿ ಬರುತ್ತವೆ. 'ಗೋ', 'ಗೋಸ್', 'ವೆಂಟ್', 'ಡಿಡ್ ನಾಟ್ ಗೋ', 'ಡು ಯು ಗೋ' ಇವುಗಳನ್ನು ನಾಲಿಗೆಗೆ ಕೂರಿಸಿದರೆ ಭಾಷೆಯ ಬಹುಪಾಲು ಕೈಗೆ ಬಂದಂತೆ. ನಾವು ಇದಕ್ಕೆ ಎರಡು ವಾರ ಕೊಟ್ಟು ಉಳಿದ ಹತ್ತು ಮನೆಗಳಿಗೆ ವರ್ಷವಿಡೀ ಓಡಾಡುತ್ತೇವೆ. ಕೊನೆಗೆ ಮಗು 'ಹಿ ಡಿಡ್ ನಾಟ್ ವೆಂಟ್' ಎಂದೇ ಬರೆಯುತ್ತದೆ.

ತರಗತಿಗಳಲ್ಲಿ ಅಜ್ಜಂದಿರ ಕಾಲದಿಂದ ಬಂದ ಒಂದು ವಾಕ್ಯವಿದೆ: ಡಾಕ್ಟರ್ ಬರುವ ಮೊದಲೇ ರೋಗಿ ತೀರಿಕೊಂಡಿದ್ದ. 'ಹ್ಯಾಡ್ ಡೈಡ್' ಎಂದೇ ಬರೆಯಬೇಕು, 'ಡೈಡ್' ಎಂದರೆ ಅಂಕವಿಲ್ಲ. 'ಬಿಫೋರ್' ಎಂಬ ಪದವೇ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಳಿಬಿಟ್ಟಿರುವಾಗ ಇಂಗ್ಲಿಷರು 'ಡೈಡ್' ಎಂದೇ ಧಾರಾಳವಾಗಿ ಹೇಳುತ್ತಾರೆ, ಎರಡೂ ಸರಿ. ಸರಿಯಾದ ಉತ್ತರವನ್ನು ತಪ್ಪೆಂದು ಹೊಡೆದುಹಾಕುವ ಪಾಠ ಮಗುವಿಗೆ ಕಲಿಸುವುದು ಭಯವನ್ನು. ಎರಡು ರೂಪ ಸಾಧ್ಯವಿರುವಲ್ಲಿ ಹೇಳುವವನ ಇಂಗಿತವೇನು, ಯಾವುದನ್ನು ಆರಿಸಿದರೆ ಏನು ಅರ್ಥ ಬರುತ್ತದೆ ಎಂಬುದೇ ಕಾಲದ ಪಾಠದ ತಿರುಳು. ಪಟ್ಟಿ ರೂಪ ಕಟ್ಟುವುದನ್ನು ಕಲಿಸುತ್ತದೆ. ಆರಿಸುವುದನ್ನು ಕಲಿಸುವ ಶಕ್ತಿ ಅದಕ್ಕಿಲ್ಲ.

ಆರಿಸುವ ಈ ವಿದ್ಯೆ ಕನ್ನಡದ ಮಗುವಿಗೆ ಹೊಸದಲ್ಲ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. 'ಊಟ ಮಾಡಲಿಲ್ಲ', 'ಊಟ ಮಾಡಿಲ್ಲ' ಎಂಬ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮದುವೆ ಮನೆಗೆ ಹೋಗಿದ್ದೆ, ಊಟ ಮಾಡಲಿಲ್ಲ: ಮುಗಿದ ಕತೆ. ಇನ್ನೂ ಊಟ ಮಾಡಿಲ್ಲ: ಈ ಹೊತ್ತಿಗೂ ಹಸಿವಿದೆ, ಬಡಿಸಬಹುದು. ಮೂರು ವರ್ಷದ ಮಗುವೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನ 'ಡಿಡ್ ನಾಟ್ ಈಟ್', 'ಹ್ಯಾವ್ ನಾಟ್ ಈಟನ್' ನಡುವಿನ ಅಂತರ ಹೆಚ್ಚುಕಡಿಮೆ ಇದೇ. ಸಿಂಪಲ್ ಪಾಸ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ವ್ಯತ್ಯಾಸ ಕಲಿಯಲು ಭಾರಿ ಕಷ್ಟದ್ದೆಂದು ಹೆಸರಾಗಿದೆ. ಅದರ ಅರಿವು ನಮ್ಮ ಮಕ್ಕಳ ಬಾಯಲ್ಲೇ ಇದೆ, ನಿಷೇಧದ ರೂಪದಲ್ಲಿ. ಪಾಠವನ್ನು 'ಬಂದಿಲ್ಲ', 'ಬರಲಿಲ್ಲ', 'ಬರ್ತಿಲ್ಲ', 'ಬರಲ್ಲ' ಎಂಬ ನಾಲ್ಕು ಮಾತುಗಳಿಂದ ಶುರುಮಾಡಿದರೆ ಅರ್ಥದ ಅರ್ಧ ಕೆಲಸ ಮುಗಿದಿರುತ್ತದೆ.

'ಡಿಡ್ ನಾಟ್ ವೆಂಟ್' ಎಂಬ ತಪ್ಪಿಗೂ ಮದ್ದು ಇಲ್ಲೇ ಇದೆ. 'ಹೋಗಲಿಲ್ಲ' ಎಂಬಲ್ಲಿ 'ಹೋಗು' ಇದೆ, 'ಹೋದ' ಇಲ್ಲ. ಯಾರೂ 'ಹೋದಲಿಲ್ಲ' ಎನ್ನುವುದಿಲ್ಲ. ಕಾಲದ ಹೊರೆಯನ್ನು ಬೇರೊಂದು ಪದ ಹೊತ್ತಾಗ ಮೂಲ ಕ್ರಿಯಾಪದ ಬರಿಗೈಯಲ್ಲಿ ನಿಲ್ಲುತ್ತದೆ ಎಂಬುದು ಎರಡೂ ಭಾಷೆಗಳ ನಡೆ. 'ಇಫ್ ಇಟ್ ವಿಲ್ ರೇನ್' ಎಂದು ಬರೆಯುವವರಿಗೂ ಹೀಗೇ ಹೇಳಬಹುದು. 'ಮಳೆ ಬಂದರೆ ಹೋಗಲ್ಲ', 'ನಾಳೆ ಅವನು ಬಂದಾಗ ಹೇಳ್ತೀನಿ' ಎನ್ನುವಾಗ ಮಳೆಯಾಗಲೀ ಅವನಾಗಲೀ ಇನ್ನೂ ಬಂದಿಲ್ಲ. ಕನ್ನಡ ಅಲ್ಲಿ ಭವಿಷ್ಯತ್ತಿನ ರೂಪವನ್ನು ಕೂರಿಸುವುದಿಲ್ಲ, ಇಂಗ್ಲಿಷೂ ಕೂರಿಸುವುದಿಲ್ಲ. 'ಇಫ್ ಇಟ್ ರೇನ್ಸ್', 'ವೆನ್ ಹಿ ಕಮ್ಸ್'. ಅಡುಗೆಮನೆಯಿಂದ ಅಮ್ಮ ಕರೆದರೆ ಕೂತಲ್ಲಿಂದಲೇ 'ಬಂದೆ' ಎನ್ನುವ ಮಗುವಿಗೆ, ಕ್ರಿಯಾಪದದ ಕಾಲವೂ ಗಡಿಯಾರದ ಕಾಲವೂ ಒಂದೇ ಅಲ್ಲ ಎಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ನೀನು ಈಗಾಗಲೇ ಹಾಗೆ ಆಡುತ್ತಿದ್ದೀಯ ಎಂದು ತೋರಿಸಿದರೆ ಸಾಕು.

ಎಲ್ಲವೂ ಹೊಂದುತ್ತದೆ ಎಂದು ಹೇಳುತ್ತಿಲ್ಲ. ಎರಡು ಭಾಷೆಗಳ ದಾರಿ ಬೇರೆಯಾಗುವ ತಿರುವುಗಳಿವೆ, ಮತ್ತು ನಮ್ಮವರ ತಪ್ಪುಗಳು ಹೆಚ್ಚಾಗಿ ಆ ತಿರುವುಗಳಲ್ಲೇ ಗುಂಪುಗೂಡಿವೆ. 'ನಿನ್ನೆನೇ ದುಡ್ಡು ಕೊಟ್ಟಿದ್ದೀನಿ' ಎಂಬುದು ಒಳ್ಳೆಯ ಕನ್ನಡ. ಅದನ್ನೇ 'ಐ ಹ್ಯಾವ್ ಗಿವನ್ ದ ಮನಿ ಯೆಸ್ಟರ್‌ಡೇ' ಎಂದರೆ ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದ ಹೊತ್ತನ್ನು ಹೆಸರಿಸಿದ ಕೂಡಲೇ ಅದು 'ಗೇವ್' ಕೇಳುತ್ತದೆ. ಜರ್ಮನರೂ ತಮ್ಮ ಭಾಷೆಯಲ್ಲಿ ನಿನ್ನೆಯ ಜೊತೆ 'ಹ್ಯಾವ್' ಬಗೆಯ ರೂಪವನ್ನು ಸಲೀಸಾಗಿ ಬಳಸುತ್ತಾರೆ, ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ. ಹಾಗಾಗಿ ಇದು ಅಜ್ಞಾನದ ಗುರುತಲ್ಲ, ತಾಯಿನುಡಿಯ ಅಭ್ಯಾಸ. ಇಂಗ್ಲಿಷಿನ ಒಳಗೂ ಇದು ಎಲ್ಲೆಡೆ ಒಂದೇ ಸಮ ಇಲ್ಲ. ಇನ್ನೂ ಊಟವಾಗಿಲ್ಲವೇ ಎನ್ನಲು ಬ್ರಿಟಿಷರು 'ಹ್ಯಾವ್ ಯು ಈಟನ್ ಯೆಟ್' ಎಂದರೆ ಅಮೆರಿಕದಲ್ಲಿ 'ಡಿಡ್ ಯು ಈಟ್ ಯೆಟ್' ಎಂಬುದೂ ನಡೆಯುತ್ತದೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಇದು ಬೇಗ ಕಿವಿಗೆ ಬೀಳುವ ವ್ಯತ್ಯಾಸ.

'ಹ್ಯಾಡ್' ಕತೆ ಇನ್ನೂ ಸ್ವಾರಸ್ಯದ್ದು. ನಮ್ಮವರು ಇಂಗ್ಲಿಷ್ ಮಾತಾಡುವಾಗ 'ಲಾಸ್ಟ್ ವೀಕ್ ಐ ಹ್ಯಾಡ್ ಗಾನ್ ಟು ಹುಬ್ಬಳ್ಳಿ' ಎನ್ನುವುದು ಸಾಮಾನ್ಯ. ಎಲ್ಲಿಂದ ಬಂತು ಈ 'ಹ್ಯಾಡ್'? 'ಹೋದ ವಾರ ಹುಬ್ಬಳ್ಳಿಗೆ ಹೋಗಿದ್ದೆ' ಎಂಬ ಮಾತಿನಿಂದ ಎಂದು ನನಗನ್ನಿಸುತ್ತದೆ. 'ಹೋದೆ' ಎಂದರೆ ಹೋಗುವ ಕೆಲಸವಷ್ಟೇ ಕಾಣುತ್ತದೆ. 'ಹೋಗಿದ್ದೆ' ಎಂದರೆ ಹೋಗಿ, ಅಲ್ಲಿದ್ದು, ಮರಳಿ ಬಂದಾಯಿತು ಎಂಬ ಪೂರ್ತಿ ಚಿತ್ರ ಬರುತ್ತದೆ. 'ನಿಮ್ಮನೆಗೆ ಬಂದಿದ್ದೆ, ನೀವಿರಲಿಲ್ಲ' ಎನ್ನುವಾಗಲೂ ಹಾಗೆಯೇ. ಕನ್ನಡದ ಈ ಸೊಗಸಾದ ಸೂಕ್ಷ್ಮವನ್ನು ಇಂಗ್ಲಿಷಿಗೆ ಒಯ್ಯಬೇಕೆಂಬ ಹಂಬಲದಲ್ಲಿ 'ಹ್ಯಾಡ್' ಬರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ 'ವೆಂಟ್' ಸಾಕು. ಹಿಂದಿನ ಒಂದು ಘಟನೆಗಿಂತಲೂ ಹಿಂದಿನದನ್ನು ಹೇಳಬೇಕಾದಾಗ ಮಾತ್ರ 'ಹ್ಯಾಡ್' ಬೇಕು. ಪಟ್ಟಿಯಲ್ಲಿ ಪಾಸ್ಟ್ ಪರ್ಫೆಕ್ಟ್ ಮನೆಯನ್ನು ನೂರು ಸಲ ಬರೆಸಿದರೂ ಈ ತಪ್ಪು ಹೋಗುವುದಿಲ್ಲ, ಏಕೆಂದರೆ ರೂಪದಲ್ಲಿ ತಪ್ಪೇ ಇಲ್ಲ.

'ಚಿಕ್ಕವನಿದ್ದಾಗ ಕೆರೆಗೆ ಈಜೋಕೆ ಹೋಗ್ತಿದ್ದೆ' ಎಂಬಲ್ಲಿಯೂ ಹೀಗೆ. ಕನ್ನಡದ 'ಹೋಗ್ತಿದ್ದೆ' ಎರಡು ಕೆಲಸ ಮಾಡುತ್ತದೆ: ಆ ಕ್ಷಣ ದಾರಿಯಲ್ಲಿದ್ದೆ ಎನ್ನುವುದು ಒಂದು, ಹಾಗೆ ಹೋಗುವ ರೂಢಿಯಿತ್ತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಂಗ್ಲಿಷ್ 'ವಾಸ್ ಗೋಯಿಂಗ್' ಎನ್ನುತ್ತದೆ, ಎರಡನೆಯದಕ್ಕೆ 'ಯೂಸ್ಡ್ ಟು ಗೋ'. 'ಯೂಸ್ಡ್ ಟು'ವಿಗೂ ಪಟ್ಟಿಯಲ್ಲಿ ಮನೆಯಿಲ್ಲ. ಇನ್ನು 'ಐದು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ' ಎಂಬುದು 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಆಗುತ್ತದೆ. ನಮ್ಮ 'ಇಂದ' ಪ್ರತ್ಯಯ ಆರಂಭದ ಹೊತ್ತಿಗೂ ಕಳೆದ ಅವಧಿಗೂ ಒಂದೇ. ಇಂಗ್ಲಿಷ್ 'ಸಿನ್ಸ್', 'ಫಾರ್' ಎಂದು ಬಿಡಿಸುತ್ತದೆ, ಜೊತೆಗೆ 'ಹ್ಯಾವ್ ಬೀನ್ ವರ್ಕಿಂಗ್' ಕೇಳುತ್ತದೆ. ಮಕ್ಕಳು ಗೊಣಗುತ್ತ ಬಾಯಿಪಾಠ ಮಾಡುವ ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್‌ನ ನಿಜವಾದ ಉಪಯೋಗ ಇಲ್ಲಿದೆ. ಅದನ್ನು ಈ ಒಂದು ಅಗತ್ಯದ ಮೂಲಕ, ನೀವು ಎಷ್ಟು ವರ್ಷದಿಂದ ಈ ಊರಲ್ಲಿದ್ದೀರಿ ಎಂಬ ಪ್ರಶ್ನೆಯ ಮೂಲಕ ಕಲಿಸಿದರೆ ಮರೆಯುವುದು ಕಷ್ಟ.

'ಐ ಆಮ್ ನೋಯಿಂಗ್', 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್' ಎಂಬ ಮಾತುಗಳನ್ನು ಸಂದರ್ಶನಗಳಲ್ಲಿ, ಸಿನಿಮಾಗಳಲ್ಲಿ ನಗೆಯ ವಸ್ತು ಮಾಡಿದ್ದಾರೆ. ನನಗೆ ಅದು ನೋವಿನ ವಿಷಯ. 'ಐ ಆಮ್' ಎಂಬುದು ಮಗುವಿಗೆ ಮೊದಲು ಸಿಕ್ಕ ಊರುಗೋಲು, 'ಇಂಗ್' ಎಂದೂ ರೂಪ ಕೆಡದ ಬಾಲ. ಎರಡನೇ ರೂಪ, ಮೂರನೇ ರೂಪದ ಭಯವಿರುವವರು ಅದಕ್ಕೆ ಆತುಕೊಳ್ಳುವುದು ಸಹಜ. 'ಗೊತ್ತು', 'ಬೇಕು', 'ಇಷ್ಟ', 'ಸಾಕು' ಎಂಬ ಮಾತುಗಳನ್ನು ತೋರಿಸಿ, ಇವಕ್ಕೆ ಕನ್ನಡದಲ್ಲಿ 'ಉತ್ತಿದೆ' ಅಂಟುವುದೇ ಎಂದು ಕೇಳಬಹುದಿತ್ತು. ಅಂಟುವುದಿಲ್ಲ. 'ಗೊತ್ತಾಗ್ತಿದೆ' ಎಂದರೆ ಅರ್ಥವೇ ಬೇರೆ, ಈಗ ತಾನೇ ತಿಳಿಯಲು ತೊಡಗಿದೆ ಎಂದು. 'ನೋ', 'ವಾಂಟ್', 'ಲೈಕ್' ಕೂಡ ಸಾಮಾನ್ಯವಾಗಿ 'ಇಂಗ್' ಒಲ್ಲದ ಜಾತಿ. ಐದು ನಿಮಿಷದ ಈ ಮಾತು ಎಷ್ಟೋ ಮಂದಿಯನ್ನು ಮುಂದಿನ ಅವಮಾನದಿಂದ ಉಳಿಸುತ್ತಿತ್ತು.

ನಮ್ಮ ವ್ಯಾಕರಣದ ಚರಿತ್ರೆಯಲ್ಲೂ ಪರರ ಅಚ್ಚಿನ ಪ್ರಶ್ನೆ ಇದೆ. ಹದಿಮೂರನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತದ ಚೌಕಟ್ಟನ್ನು ಇಟ್ಟುಕೊಂಡೇ ಹಳಗನ್ನಡದ ಮೂರು ಕಾಲಗಳಿಗೆ ಪ್ರತ್ಯಯಗಳನ್ನು ಹೇಳಿದ. ಕನ್ನಡವನ್ನು ಸಂಸ್ಕೃತದ ಕಣ್ಣಿನಿಂದ ನೋಡುವ ಅಭ್ಯಾಸವನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದಲ್ಲಿ ಪ್ರಶ್ನಿಸಿದರು. ಶಾಲೆಯಲ್ಲಿ ಕಲಿಯುವ 'ಮಾಡುವೆನು' ಎಂಬ ಭವಿಷ್ಯತ್ ರೂಪ ನಮ್ಮ ಮಾತಿನಲ್ಲಿ ಹೆಚ್ಚು ಕೇಳಿಸುವುದಿಲ್ಲ. 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ರೂಪ ಒಂದೇ. ಆಡುವ ಕನ್ನಡವನ್ನೇ ಗಮನಿಸದ ಪಾಠದಿಂದ ಮಗು ಇಂಗ್ಲಿಷಿನ ಪಾಠಕ್ಕೆ ಬರುತ್ತದೆ, ಅಲ್ಲೂ ಲ್ಯಾಟಿನ್ ಅಚ್ಚಿನ ಪಟ್ಟಿ ಕಾದಿರುತ್ತದೆ. ತಾನಾಡುವ ಮಾತನ್ನು ಕುತೂಹಲದಿಂದ ನೋಡುವ ಅವಕಾಶ ಎರಡು ಕಡೆಯೂ ತಪ್ಪುತ್ತದೆ.

ಪಟ್ಟಿಗೆ ಬದಲಿ ಇಲ್ಲವೇ ಎಂದರೆ, ಇದೆ. 1985ರಲ್ಲಿ ಕೇಂಬ್ರಿಜ್ ಪ್ರಕಟಿಸಿದ ರೇಮಂಡ್ ಮರ್ಫಿಯ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ ಇಟ್ಟ ಪುಸ್ತಕ. 'ಐ ಆಮ್ ಡೂಯಿಂಗ್', 'ಐ ಡು' ಎರಡನ್ನೂ ಎದುರುಬದುರು ನಿಲ್ಲಿಸಿ ಹೋಲಿಸುವುದರಿಂದಲೇ ಅದು ಶುರುವಾಗುತ್ತದೆ. ರೂಪಗಳನ್ನು ಜೋಡಿಯಾಗಿ ಇಟ್ಟು ಆಯ್ಕೆಯನ್ನು ಕಲಿಸುವ ಈ ಕ್ರಮ ನಮ್ಮ ಪಟ್ಟಿಗಿಂತ ಎಷ್ಟೋ ಮೇಲು. ಆದರೆ ಅದು ಇಡೀ ಜಗತ್ತಿಗೆ ಬರೆದ ಪುಸ್ತಕ. ಕನ್ನಡಿಗ ಎಲ್ಲಿ ಎಡವುತ್ತಾನೆ, ಎಲ್ಲಿ ಅವನಿಗೆ ದಾರಿ ಮೊದಲೇ ಗೊತ್ತು ಎಂಬುದನ್ನು ಅದು ಹೇಳಲಾರದು, ಹೇಳಬೇಕೆಂದು ನಾವು ನಿರೀಕ್ಷಿಸುವುದೂ ನ್ಯಾಯವಲ್ಲ. ಅದು ನಾವು ಮಾಡಬೇಕಾದ ಕೆಲಸ.

ಪಟ್ಟಿಯನ್ನೂ ನಿಯಮವನ್ನೂ ಬಿಟ್ಟು ಕಲಿಸಿದ ಪ್ರಯೋಗವೊಂದು ನಮ್ಮ ಬೆಂಗಳೂರಿನ ಹೆಸರಿನಲ್ಲೇ ಜಗತ್ತಿಗೆ ಪರಿಚಿತವಾಗಿದೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ, ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ನೆರವಿನೊಂದಿಗೆ ನಡೆಸಿದ ಬೆಂಗಳೂರು ಪ್ರಾಜೆಕ್ಟ್ ಅದು. ಅಲ್ಲಿ ಟೆನ್ಸ್ ಎಂಬ ಪಾಠವಿರಲಿಲ್ಲ. ನಕ್ಷೆ, ರೈಲಿನ ವೇಳಾಪಟ್ಟಿಯಂಥವನ್ನು ಕೊಟ್ಟು ಯೋಚಿಸಿ ಬಿಡಿಸುವ ಸಮಸ್ಯೆಗಳನ್ನು ಮಕ್ಕಳ ಮುಂದಿಡುತ್ತಿದ್ದರು; ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಬೆರೆಟ್ಟಾ ಮತ್ತು ಡೇವಿಸ್ ಎಂಬ ಇಬ್ಬರು ಹೊರಗಿನವರು 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಪ್ರಯೋಗದ ಪರವಾಗಿ, ಎಚ್ಚರದ ಮಾತುಗಳಲ್ಲಿ, ಒಲವು ತೋರಿತು. ಪ್ರಭು 1987ರಲ್ಲಿ ಬರೆದ 'ಸೆಕೆಂಡ್ ಲಾಂಗ್ವೇಜ್ ಪೆಡಗಾಜಿ' ಇಂದಿಗೂ ಭಾಷಾ ಶಿಕ್ಷಣದ ವಿದ್ಯಾರ್ಥಿಗಳು ಓದುವ ಪುಸ್ತಕ. ನಮ್ಮ ನಿತ್ಯದ ತರಗತಿಗಳಲ್ಲಿ ಮಾತ್ರ ಅದು ಬೇರೂರಲಿಲ್ಲ. ಆ ಕ್ರಮ ಶಿಕ್ಷಕರಿಂದ ಕೇಳುವ ಇಂಗ್ಲಿಷಿನ ಸಲೀಸು ದೊಡ್ಡದು ಎಂಬುದು ಒಂದು ಕಾರಣವಿರಬೇಕು. ನನ್ನ ತಕರಾರು ಬೇರೆ: ತಾಯಿನುಡಿಯಲ್ಲಿರುವ ಅರಿವನ್ನು ಎದ್ದು ಕಾಣುವಂತೆ ಮುಂದಿಡುವುದು ಅದರ ಗುರಿಯಾಗಿರಲಿಲ್ಲ. 'ಬಂದಿಲ್ಲ', 'ಬರಲಿಲ್ಲ' ಗೊತ್ತಿರುವ ಮಗುವಿಗೆ ಕೆಲವನ್ನು ನೇರವಾಗಿ ಹೇಳಿಬಿಡುವುದು ಹತ್ತಿರದ ದಾರಿ.

ಯಾವುದು ತಡವಾಗಿ ಬರುತ್ತದೋ ಅದಕ್ಕೆ ಕಾಯುವ ತಾಳ್ಮೆಯೂ ಬೇಕು. 'ಹಿ ಗೋಸ್' ಎಂಬಲ್ಲಿನ 's' ಸದ್ದು ಎಲ್ಲಕ್ಕಿಂತ ಸುಲಭ ಎನಿಸುತ್ತದೆ. ಆದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರಲ್ಲಿ ಅದು ತುಂಬ ತಡವಾಗಿ ನೆಲೆಗೊಳ್ಳುತ್ತದೆ ಎಂದು 1970ರ ದಶಕದ ಅಧ್ಯಯನಗಳೇ ತೋರಿಸಿವೆ. ಅದನ್ನು ಬಿಟ್ಟಿದ್ದಕ್ಕೆ ಮಗುವಿನ ಇಡೀ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಗೀಚುವುದು ಅನ್ಯಾಯ.

ನನ್ನ ತೀರ್ಪು ಇದು. ಟೆನ್ಸ್ ಚಾರ್ಟ್ ಪಾಠದ ಕೊನೆಯಲ್ಲಿ ಇರಬೇಕಾದ ಹಾಳೆ. ಬಳಸಿ ಬಳಸಿ ಪರಿಚಯವಾದ ರೂಪಗಳನ್ನು ಒಟ್ಟಿಗೆ ನೋಡಿಕೊಳ್ಳಲು ಅದು ಚೆನ್ನಾಗಿದೆ. ಪಾಠದ ಆರಂಭವಾಗಿ ಅದು ಸೋತಿದೆ. ಮೊದಲ ಎರಡು ವರ್ಷ ಸಿಂಪಲ್ ಪ್ರೆಸೆಂಟ್, ಸಿಂಪಲ್ ಪಾಸ್ಟ್, ಅವುಗಳ ಪ್ರಶ್ನೆ ಮತ್ತು ನಿಷೇಧ, ಜೊತೆಗೆ 'ಐ ಆಮ್ ಡೂಯಿಂಗ್' ಮತ್ತು 'ಗೋಯಿಂಗ್ ಟು' ಇಷ್ಟೇ ಇರಲಿ, ಧಾರಾಳವಾಗಿ ಇರಲಿ. ಆಮೇಲೆ ಕನ್ನಡದ ನಿಷೇಧದ ಜೋಡಿಯಿಂದ ಪ್ರೆಸೆಂಟ್ ಪರ್ಫೆಕ್ಟ್‌ಗೆ ಬನ್ನಿ. ನಿನ್ನೆಯ ಜೊತೆ 'ಹ್ಯಾವ್', ಬೇಡದ 'ಹ್ಯಾಡ್', 'ಸಿನ್ಸ್', 'ಯೂಸ್ಡ್ ಟು', 'ನೋಯಿಂಗ್' ಎಂಬ ಐದು ತಿರುವುಗಳಲ್ಲಿ ನಿಧಾನವಾಗಿ ನಿಂತು ಕಲಿಸಿ. ಪ್ರಶ್ನೆಪತ್ರಿಕೆ ತಯಾರಿಸುವವರು ಬಿಟ್ಟ ಸ್ಥಳ ತುಂಬಿಸುವುದರ ಜೊತೆಗೆ, ಎರಡು ವಾಕ್ಯ ಕೊಟ್ಟು ಅರ್ಥದಲ್ಲಿ ಏನು ವ್ಯತ್ಯಾಸ ಎಂದು ಕೇಳಲಿ, ಉತ್ತರವನ್ನು ಕನ್ನಡದಲ್ಲಿ ಬರೆದರೂ ಪೂರ್ತಿ ಅಂಕ ಕೊಡಲಿ. ಪಠ್ಯಪುಸ್ತಕ ರಚಿಸುವವರು ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದ ವಾಕ್ಯಗಳಿಗೆ ಜಾಗ ಕೊಡಲು ಹಿಂಜರಿಯಬಾರದು. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಒಂದೇ: ಮುಂದಿನ ಸಲ ಟೆನ್ಸ್ ಪಾಠ ಶುರುಮಾಡುವಾಗ ಹಲಗೆಯ ಮೇಲೆ ಮೊದಲು 'ಊಟ ಮಾಡಲಿಲ್ಲ', 'ಊಟ ಮಾಡಿಲ್ಲ' ಎಂದು ಬರೆದು, ಎರಡಕ್ಕೂ ಏನು ವ್ಯತ್ಯಾಸ ಎಂದು ಮಕ್ಕಳನ್ನೇ ಕೇಳಿ.